ಸೋಲುತ್ತಾನೆ ಎಂದು ನಾನು ಲೆಕ್ಕ ಹಾಕಿದ ಅಧ್ಯಕ್ಷ

ಖರೀದಿ ಕೆಲಸ ಮಾಡಿದವನ ಕಿವಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿನವರು ಏನು ಹೇಳಿದರೂ ಅದು ರೇಟಿನ ಹಾಗೆ ಕೇಳಿಸುತ್ತದೆ. ಡಾಕ್ಟರು ಹದಿನೈದು ದಿನ ಮಾತ್ರೆ ತೆಗೆದುಕೊಳ್ಳಿ ಎಂದರೆ ಹತ್ತಕ್ಕೆ ಇಳಿಯುತ್ತಾರೋ ನೋಡೋಣ ಎನ್ನಿಸುತ್ತದೆ. ದೋಹಾದಲ್ಲಿ ಇಪ್ಪತ್ತೇಳು ವರ್ಷ ಇದ್ದು ಬಂದವನು ನಾನು. ಈ ಕಾಯಿಲೆಗೆ ಇನ್ನೂ ಮದ್ದು ಸಿಕ್ಕಿಲ್ಲ.

ಗಲ್ಫಿನ ಕಂಪೆನಿಗಳ ಪರ್ಚೇಸ್ ವಿಭಾಗಕ್ಕೆ ಹೊರಟಿರುವ ನಮ್ಮ ಕಡೆಯ ಯುವಕರು ಈಗಲೂ ಮನೆಗೆ ಬರುತ್ತಾರೆ. ಎರಡು ಮಾತು ಹೇಳಿ ಎಂದು ಕೇಳುತ್ತಾರೆ, ನಾನು ಇನ್ನೂರು ಹೇಳುತ್ತೇನೆ. ಸ್ಯಾಂಪಲ್ ನೋಡದೆ ಆರ್ಡರ್ ಕೊಡಬೇಡಿ, ಸಪ್ಲೈಯರ್ ಕೊಡಿಸಿದ ಊಟ ಉಣ್ಣಬೇಡಿ, ಮೊದಲು ಬಾಯಿ ಬಿಡಬೇಡಿ. ಈ ಇನ್ನೂರರಲ್ಲಿ ಸೇರದ ಒಂದು ಮಾತನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡಿದ್ದೆ. ಅದು ಅಮೆರಿಕದ ಚುನಾವಣೆಗೆ ಸಂಬಂಧಿಸಿದ್ದು. ಕಾರ್ಮಿಕರ ಕ್ಯಾಂಪುಗಳ ಅಡುಗೆಮನೆಗೆ ಡಬ್ಬಿ ಆಹಾರ ಕೊಳ್ಳುವವನಿಗೂ ಅಮೆರಿಕದ ಅಧ್ಯಕ್ಷನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇಲ್ಲದ ಕಡೆ ನಾನೇ ಹೋಗಿ ಕಲ್ಪಿಸಿಕೊಂಡೆ. ಅದರ ಫಲ ಉಂಡವರು ಬೇರೆಯವರು.

ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನು ದಿನಸಿ ಅಂಗಡಿಯಲ್ಲಿ ಮೂಟೆ ಹೊತ್ತೆ. ಬಡ್ತಿಗಳ ಕತೆ ಬೇಡ, ಅದು ಎಲ್ಲರದ್ದೂ ಒಂದೇ. ಕೆಲಸ ಕಲಿಸಿದ್ದು ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಮಾರುತ್ತಿದ್ದ ಒಬ್ಬ ಪಠಾಣ ಮುದುಕ. ಅಲ್ಲಿ ಚೌಕಾಸಿ ಮುಗಿಸುವಾಗ “ಆಖಿರ್ ಕಲಾಮ್” ಎನ್ನುವುದು ವಾಡಿಕೆ. ಇದೇ ಕಡೆಯ ಮಾತು, ಇನ್ನು ಇಳಿಸುವುದಿಲ್ಲ ಎಂದರ್ಥ. ಮುದುಕ ನನಗೆ ಹೇಳಿಕೊಟ್ಟದ್ದು ಇಷ್ಟೆ: ಪ್ರತಿಯೊಬ್ಬ ವ್ಯಾಪಾರಿಯ ಜೇಬಿನಲ್ಲೂ ಮೂರು ಆಖಿರ್ ಕಲಾಮ್ ಇರುತ್ತವೆ. ಮೊದಲನೆಯದಕ್ಕೆ ತಲೆಯಾಡಿಸಿದವನು ದಡ್ಡ. ಎರಡನೆಯದಕ್ಕೆ ಎದ್ದು ಹೊರಟಂತೆ ಮಾಡಬೇಕು. ಮರುದಿನ ತಡವಾಗಿ, ಆತುರ ತೋರಿಸದೆ ಹೋದರೆ ಮೂರನೆಯದು ತಾನಾಗಿ ಹೊರಬರುತ್ತದೆ. ಈ ಒಂದು ಪಾಠದಿಂದ ನಾನು ಮನುಷ್ಯನಾದೆ. ಇದೇ ಪಾಠದಿಂದ ಕೆಟ್ಟೆ ಕೂಡ.

ನಮ್ಮ ಆಫೀಸು ಮುಶೈರಿಬ್‌ನ ಹಳೆಯ ಕಟ್ಟಡದಲ್ಲಿತ್ತು, ಗೋದಾಮು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಗೋದಾಮಿನ ಸ್ಟೋರ್‌ಕೀಪರ್ ಮೊಯ್ದಿನ್, ಉಳ್ಳಾಲ ಕಡೆಯ ಬ್ಯಾರಿ, ನನಗಿಂತ ಏಳೆಂಟು ವರ್ಷ ಚಿಕ್ಕವನು. ಕಂಪ್ಯೂಟರ್ ಬರುವ ಮೊದಲೂ ಬಂದ ಮೇಲೂ ಅವನ ಸ್ಟಾಕು ಅವನ ತಲೆಯಲ್ಲೇ ಇತ್ತು. ಪ್ರತಿ ರಟ್ಟಿನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬಂದ ತಾರೀಕು ಬರೆಯುತ್ತಿದ್ದ. ಹಳೆಯ ಮಾಲು ಮುಂದೆ, ಹೊಸದು ಹಿಂದೆ.

ಅವನ ಬಗ್ಗೆ ಒಂದು ಘಟನೆ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಮ್ಮೆ ಯುರೋಪಿನ ಕಂಪೆನಿಯೊಂದು ಡಬ್ಬಿ ಬೀನ್ಸನ್ನು ನಂಬಲಾಗದ ರೇಟಿಗೆ ಕೊಡುತ್ತೇನೆಂದಿತು. ನಾನು ಹಿಗ್ಗಿ ಕಂಟೇನರ್ ಲೆಕ್ಕದಲ್ಲಿ ಆರ್ಡರ್ ಫ್ಯಾಕ್ಸ್ ಮಾಡಿದೆ. ವಿಮಾನದಲ್ಲಿ ಬಂದ ಸ್ಯಾಂಪಲ್ ಪೆಟ್ಟಿಗೆ ಗೋದಾಮಿಗೆ ಹೋಯಿತು. ಮಧ್ಯಾಹ್ನ ಮೊಯ್ದಿನ್ ಫೋನ್ ಮಾಡಿದ.

“ವಾಮನಣ್ಣ, ಈ ಬೀನ್ಸ್ ಯಾರಿಗೆ?”

“ಕ್ಯಾಂಪಿಗೆ ಮಾರಾಯ. ಯಾಕೆ, ನಿನಗೆ ಬೇಕಿತ್ತಾ?”

“ನನಗೆ ಬೇಡ. ನಿಮಗೂ ಬೇಡ ಅಂತ ಕಾಣ್ತದೆ. ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರ್ದಿದ್ದಾರೆ, ಇದರಲ್ಲಿ ಹಂದಿ ಉಂಟು.”

ಆ ಸರಕು ಬಂದರಿನಲ್ಲಿ ಇಳಿದಿದ್ದರೆ ಕಸ್ಟಮ್ಸ್‌ನವರು ನನ್ನನ್ನೂ ಕಂಟೇನರಿನಲ್ಲಿ ಹಾಕಿ ವಾಪಸ್ ಕಳಿಸುತ್ತಿದ್ದರು. ಹಡಗು ಹತ್ತುವ ಮೊದಲೇ ಆರ್ಡರ್ ರದ್ದಾಯಿತು. ನಮ್ಮ ಮ್ಯಾನೇಜರ್ ಅಬು ನಾದರ್, ಜೋರ್ಡಾನಿನವರು, ಇದನ್ನು ಯಾರು ಹಿಡಿದದ್ದು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮೊಯ್ದಿನ್, “ವಾಮನ್ ಸರ್ ಲೇಬಲ್ ನೋಡಲು ಹೇಳಿದ್ದರು, ನೋಡಿದೆ” ಎಂದ. ನಾನು ಹೇಳಿರಲಿಲ್ಲ. ಹೊರಗೆ ಬಂದ ಮೇಲೆ ಯಾಕಪ್ಪಾ ಹಾಗೆ ಹೇಳಿದೆ ಎಂದೆ. “ನಿಮ್ಮ ಕುರ್ಚಿಗೆ ಹಂದಿ ಮುಟ್ಟುದು ಬೇಡ ಅಂತ” ಎಂದು ನಕ್ಕ.

ಇನ್ನು ಅಮೆರಿಕ.

ಇರಾಕ್ ಯುದ್ಧಕ್ಕೆ ಮೊದಲಿನ ತಿಂಗಳುಗಳಲ್ಲಿ ದೋಹಾದ ಚಹಾ ಅಂಗಡಿಗಳಲ್ಲಿ ಎರಡು ಪಕ್ಷವಿತ್ತು. ಯುದ್ಧ ಆಗುವುದಿಲ್ಲ, ಬರೀ ಹೆದರಿಸುತ್ತಿದ್ದಾರೆ ಎಂಬುದು ದೊಡ್ಡ ಪಕ್ಷ. ಆಗಿನ ಅಧ್ಯಕ್ಷನ ಅಪ್ಪನೂ ಹಿಂದೆ ಅಧ್ಯಕ್ಷನಾಗಿದ್ದವನು, ಅವನೂ ಅದೇ ದೇಶದ ಜೊತೆ ಯುದ್ಧ ಮಾಡಿದವನು. ಹಾಗಾಗಿ ನಮ್ಮವರು ಈಗಿನವನಿಗೆ ‘ಮಗರಾಯ’ ಎಂದು ಹೆಸರಿಟ್ಟಿದ್ದರು. ನಾನು ಟಿವಿಯಲ್ಲಿ ಮಗರಾಯನ ಭಾಷಣವನ್ನು ಕೊಟೇಶನ್ ಓದಿದ ಹಾಗೆ ಕೇಳಿದೆ. ಮಾತಿಗಿಂತ ಸಾಗಾಟ ನೋಡಬೇಕು. ಅಷ್ಟು ದೂರದಿಂದ ಅಷ್ಟು ಸೈನಿಕರನ್ನು, ಟ್ಯಾಂಕುಗಳನ್ನು ಹಡಗಿನಲ್ಲಿ ತಂದು ಇಳಿಸಿದ ಮೇಲೆ ಮಾಲನ್ನು ವಾಪಸ್ ಒಯ್ಯುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ಯುದ್ಧ ಆಗಿಯೇ ಆಗುತ್ತದೆ ಎಂದು ಅಬು ನಾದರ್‌ಗೆ ಹೇಳಿ ಪ್ಲಾಸ್ಟಿಕ್ ಶೀಟು, ಅಗಲದ ಟೇಪು, ನೀರಿನ ಬಾಟಲಿ ಗೋದಾಮು ತುಂಬ ತರಿಸಿದೆ. ವಿಷದ ಗಾಳಿಗೆ ಹೆದರಿ ಜನ ಕಿಟಕಿಗೆಲ್ಲ ಟೇಪು ಹಚ್ಚಿದರು. ಸರಕು ಖಾಲಿಯಾಯಿತು.

ಯುದ್ಧಕ್ಕೆ ಕಾರಣವೆಂದು ತೋರಿಸಿದ ಆಯುಧಗಳು ಮಾತ್ರ ಕಡೆಗೂ ಸಿಗಲಿಲ್ಲ. ಮಾಲು ಕೊಡದೆ ಬಿಲ್ ಕಳಿಸಿದ ಹಾಗೆ. ನಮ್ಮಂಥವರು ಹಾಗೆ ಮಾಡಿದರೆ ಮಾರುಕಟ್ಟೆಯಲ್ಲಿ ಮತ್ತೆ ಮುಖ ತೋರಿಸುವಂತಿಲ್ಲ. ದೊಡ್ಡ ದೇಶಕ್ಕೆ ಆ ನಾಚಿಕೆ ಇಲ್ಲವಲ್ಲ ಎಂದು ನಾನು ಎಲ್ಲರೆದುರು ಹೇಳುತ್ತಿದ್ದೆ. ಮಾತು ಸರಿಯೇ. ಅದೇ ಯುದ್ಧದ ಟೇಪು ಮಾರಿದ ಹೆಮ್ಮೆಯಲ್ಲಿ ಅದನ್ನು ಹೇಳುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಒಂದು ಊಹೆ ಸರಿಯಾದದ್ದಕ್ಕೆ ನಾನು ಪಂಡಿತನಾದೆ. ಮುಶೈರಿಬ್‌ನ ಚಹಾ ಅಂಗಡಿಗೆ ಹೋದರೆ ಸಾಕು, ಡಾಲರ್ ಏರುತ್ತದಾ, ಯುದ್ಧ ಮುಗಿಯುತ್ತದಾ ಎಂದು ಕೇಳುವವರು ಸಾಲುಗಟ್ಟುತ್ತಿದ್ದರು. ನನಗೂ ಹೇಳುವ ಚಟ. ಊರಿನ ಚುನಾವಣೆಗೆ ಓಟು ಹಾಕಲು ನಾವು ಊರಲ್ಲಿ ಇರುವುದಿಲ್ಲ, ಕತಾರಿನಲ್ಲಿ ನಮಗೆ ಓಟಿಲ್ಲ. ಎಲ್ಲಿಯೂ ಓಟಿಲ್ಲದವರಿಗೆ ಅಮೆರಿಕದ ಚುನಾವಣೆಯೇ ಸ್ವಂತ ಚುನಾವಣೆ. ಓಹಿಯೋ, ಫ್ಲೋರಿಡಾ ಎಂದು ರಾಜ್ಯಗಳ ಹೆಸರು, ಪ್ರತಿ ರಾಜ್ಯಕ್ಕೆ ಎಷ್ಟು ಮತ ಎಂಬುದು ನನಗೆ ಬಾಯಿಪಾಠ. ಹೆಚ್ಚು ಜನ ಓಟು ಹಾಕಿದವನೂ ಅಲ್ಲಿ ಸೋಲಬಹುದು ಎಂಬುದನ್ನು ನಾನು ಸಕ್ಕರೆ ಡಬ್ಬಿ, ಚಹಾ ಲೋಟ ಇಟ್ಟು ವಿವರಿಸುತ್ತಿದ್ದೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಮೊಯ್ದಿನ್ ಆ ಅಂಗಡಿಗೆ ಬಂದ. ಅವನ ಸಂಸಾರ ಅಲ್ಲೇ ಹತ್ತಿರದ ಎರಡು ಕೋಣೆಯ ಮನೆಯಲ್ಲಿತ್ತು. ಹೆಂಡತಿ ಝುಲೇಖಾ, ಮಗಳು ಶಾಹಿನಾ. ಶಾಹಿನಾ ಹುಟ್ಟಿದ್ದೇ ದೋಹಾದಲ್ಲಿ, ಹತ್ತನೇ ತರಗತಿಯಲ್ಲಿದ್ದಳು, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ದೋಹಾಕ್ಕೆ ಹಳೆಯ ಕಟ್ಟಡ ಕೆಡವುವ ಹುಚ್ಚು ಹಿಡಿದಿದ್ದ ಕಾಲ ಅದು. ಅವನಿಗೂ ಮನೆ ಬಿಡಲು ನೋಟಿಸ್ ಬಂದಿತ್ತು. ಅಲ್ ಮುಂತಜಾದಲ್ಲಿ ಒಂದು ಮನೆ ನೋಡಿದ್ದ. ಸ್ಟೋರ್‌ಕೀಪರನ ಸಂಬಳಕ್ಕೆ ಎಟುಕದ ಬಾಡಿಗೆ. ಸಂಸಾರವನ್ನು ಊರಿಗೆ ಕಳಿಸಿ ತಾನು ಕ್ಯಾಂಪಿಗೆ ಹೋಗಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು.

“ವಾಮನಣ್ಣ, ನಿಮ್ಮ ಅಮೆರಿಕ ಎಂತ ಹೇಳ್ತದೆ?”

“ನನ್ನ ಅಮೆರಿಕವಾ? ಅದನ್ನು ಇನ್ನೂ ಖರೀದಿ ಮಾಡ್ಲಿಲ್ಲ. ರೇಟು ಮಾತಾಡ್ತಾ ಉಂಟು.”

“ತಮಾಷೆ ಅಲ್ಲ. ಕುವೈತಿನ ಒಂದು ಕಂಪೆನಿಯವರು ಇರಾಕಿನ ಕ್ಯಾಂಪಿಗೆ ಸ್ಟೋರಿನವರನ್ನು ಕರೀತಿದ್ದಾರೆ. ಮಿಲಿಟರಿಯವರ ಮೆಸ್ಸು. ಇಲ್ಲಿಯ ಮೂರು ಪಟ್ಟು ಸಂಬಳ. ಒಂದು ವರ್ಷಕ್ಕೆ ಸಹಿ ಹಾಕ್ಬೇಕಂತೆ.”

ಇರಾಕಿಗೆ ಹೋಗಬೇಡಿ ಎಂದು ನಮ್ಮ ಸರಕಾರ ಹೇಳುತ್ತಿದ್ದ ಹೊತ್ತು ಅದು. ಅದನ್ನು ನಾನು ಅವನಿಗೆ ನೆನಪಿಸಿದೆನೇ? ನೆನಪಿಸಿದೆ, ಆದರೆ ಕರಪತ್ರ ಓದಿದ ಹಾಗೆ. ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಕತಾರಿನ ವಾಸದ ಪರವಾನಗಿ ಇದ್ದವನು ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಉಳಿದರೆ ಅದು ಸತ್ತ ಹಾಗೆ. ಅವನ ಪರವಾನಗಿಗೆ ಜೋತುಬಿದ್ದಿದ್ದ ಹೆಂಡತಿ ಮಗಳ ವೀಸಾ ಕೂಡ ಅದರ ಹಿಂದೆಯೇ ಹೋಗುತ್ತದೆ. ಅಂದರೆ ಮೊಯ್ದಿನ್ ಹೋಗಿ ಆರು ತಿಂಗಳೊಳಗೆ ಬರುವಂತಿದ್ದರೆ ಮಾತ್ರ ಲಾಭ. ನಾನು ಸಿಗರೇಟು ಪ್ಯಾಕಿನ ಹಿಂದೆ ಬರೆದು ತೋರಿಸಿದೆ.

“ಸೆಪ್ಟೆಂಬರ್ ಮಧ್ಯಕ್ಕೆ ನೀನು ಹೊರಡುದು. ನವೆಂಬರಿನಲ್ಲಿ ಮಗರಾಯ ಸೋಲ್ತಾನೆ. ಜನವರಿ ಇಪ್ಪತ್ತಕ್ಕೆ ಹೊಸಬ ಕೂತ್ಕೊಳ್ತಾನೆ. ಅವನು ಸೈನ್ಯ ವಾಪಸ್ ಕರೀತಾನೆ. ಫೆಬ್ರವರಿಯಲ್ಲಿ ಕ್ಯಾಂಪ್ ಖಾಲಿ, ನೀನು ಇಲ್ಲಿ.”

“ಒಂದು ವರ್ಷದ ಎಗ್ರಿಮೆಂಟ್ ಉಂಟಲ್ಲ?”

“ಕ್ಯಾಂಪೇ ಇಲ್ಲದ ಮೇಲೆ ಎಗ್ರಿಮೆಂಟ್ ಯಾರ ಜೊತೆ ಮಾರಾಯ? ಅವರೇ ಟಿಕೆಟ್ ಕೊಟ್ಟು ಕಳಿಸ್ತಾರೆ.”

“ಸೋಲ್ತಾನಾ ಖಂಡಿತ?”

“ಆಯುಧ ಸಿಗ್ಲಿಲ್ಲ. ಇರಾಕಿನ ಜೈಲಿನಲ್ಲಿ ಹಿಂಸೆ ಕೊಟ್ಟ ಆ ಫೋಟೋಗಳನ್ನು ಪ್ರಪಂಚವೆಲ್ಲ ನೋಡಿತು. ದಿನಾ ಅವರ ಮಕ್ಕಳೇ ಸಾಯ್ತಿದ್ದಾರೆ. ಇಷ್ಟು ಕೆಟ್ಟ ಮಾಲನ್ನು ಎರಡನೇ ಸಲ ಯಾರು ತೆಗೊಳ್ತಾರೆ?”

ಮೊಯ್ದಿನ್ ಪ್ಯಾಕನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ. ಅವನು ಸಿಗರೇಟು ಸೇದುವವನಲ್ಲ.

ರಜೆಯ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಊರಿನಲ್ಲಿ ತಾಯಿಗೆ ದೀರ್ಘ ಚಿಕಿತ್ಸೆ, ಜೊತೆಗೆ ಯಾರೂ ಇಲ್ಲ, ಬಾಕಿ ಇರುವ ಎರಡು ತಿಂಗಳ ರಜೆಯ ಜೊತೆ ಸಂಬಳವಿಲ್ಲದ ಮೂರು ತಿಂಗಳು. ಮೊಯ್ದಿನ್ ತಾಯಿ ಗಟ್ಟಿಮುಟ್ಟಾಗಿ ಕೋಳಿ ಸಾಕಿಕೊಂಡಿದ್ದರು. ಅಬು ನಾದರ್ ಅರ್ಜಿ ಓದಿ, “ತಾಯಿ ಎಂದ ಮೇಲೆ ನಾನು ಏನು ಹೇಳಲಿ, ಹೋಗಿ ಬಾ” ಎಂದು ಸಹಿ ಹಾಕಿದರು.

ಅದೇ ಅಕ್ಟೋಬರಿನಲ್ಲಿ ನನಗೆ ಸರಿಯಾದ ಸುದ್ದಿ ಸಿಕ್ಕಿತ್ತು. ಇದನ್ನು ಖರೀದಿಯವರು ಗಮನವಿಟ್ಟು ಓದಬೇಕು. ಅಮೆರಿಕದ ಸೈನ್ಯದ ಅಡುಗೆಮನೆಗಳಿಗೆ ನಮ್ಮಿಂದ ಸಾಮಾನು ಕೊಳ್ಳುತ್ತಿದ್ದ ಒಬ್ಬ ಅಮೆರಿಕನ್ ಇದ್ದ, ಡೇಲ್ ಎಂದು ಕರೆಯೋಣ. ಓಹಿಯೋ ರಾಜ್ಯದ ಸಣ್ಣ ಪಟ್ಟಣದವನು, ಬೋಳುತಲೆ, ಚಹಾಕ್ಕೆ ಮೂರು ಚಮಚ ಸಕ್ಕರೆ. ಪಾತ್ರೆಗಳ ರೇಟು ಮಾತಾಡುತ್ತಾ ನಾನು ಚುನಾವಣೆ ಎತ್ತಿದೆ.

“ಅವನೇ ಗೆಲ್ಲುತ್ತಾನೆ” ಎಂದ ಡೇಲ್.

“ಈ ಯುದ್ಧ ಇಟ್ಟುಕೊಂಡೂ?”

“ವಾಮನ್, ನನ್ನ ಅಮ್ಮನಿಗೆ ಕತಾರ್ ಎಲ್ಲಿದೆ ಎಂದು ಗೊತ್ತಿಲ್ಲ, ನಾನು ಇಲ್ಲಿ ಎರಡು ವರ್ಷದಿಂದ ಇದ್ದರೂ. ಅವಳ ಊರಲ್ಲಿ ಕಾರ್ಖಾನೆ ಮುಚ್ಚಿದೆ, ಆದರೂ ಅವನಿಗೇ ಓಟು. ಅವನು ತನ್ನ ಹಾಗೆ ಪ್ರಾರ್ಥನೆ ಮಾಡುತ್ತಾನಂತೆ. ಎದುರಾಳಿ ಗೆದ್ದರೂ ಏನೂ ಬದಲಾಗುವುದಿಲ್ಲ. ನನ್ನ ಮೇಜಿನ ಮೇಲೆ ಮುಂದಿನ ವರ್ಷದ ಡಿಸೆಂಬರ್‌ವರೆಗಿನ ಆರ್ಡರುಗಳಿವೆ.”

ಇದಕ್ಕಿಂತ ಹೆಚ್ಚಿನ ಮಾಹಿತಿ ಯಾವ ಟಿವಿ ಕೊಡುತ್ತದೆ? ಆ ರಾಜ್ಯದವನು, ಓಟು ಹಾಕುವ ಅಮ್ಮನ ಮಗ, ಕೈಯಲ್ಲಿ ಆರ್ಡರು ಹಿಡಿದು ಹೇಳುತ್ತಿದ್ದಾನೆ. ನಾನು ಕೇಳಿಸಿಕೊಂಡದ್ದು ಬೇರೆ. ಯುದ್ಧ ಮುಂದುವರಿಯುತ್ತದೆ, ದೊಡ್ಡ ಆರ್ಡರು ಬರುತ್ತವೆ ಎಂದು ಆಸೆ ತೋರಿಸಿ ಪಾತ್ರೆಯ ರೇಟು ಇಳಿಸಲು ನೋಡುತ್ತಿದ್ದಾನೆ, ಇದು ಅವನ ಮೊದಲನೇ ಆಖಿರ್ ಕಲಾಮ್ ಎಂದುಕೊಂಡೆ. ರೇಟು ಬಿಡಲಿಲ್ಲ. ಅವನು ಹೋದ ಮೇಲೆ ಗೆದ್ದೆ ಎಂದು ಇನ್ನೊಂದು ಚಹಾ ತರಿಸಿ ಕುಡಿದೆ.

ಮತದಾನದ ಮರುದಿನ ದೋಹಾದಲ್ಲಿ ರಂಜಾನ್ ಉಪವಾಸ ನಡೆಯುತ್ತಿತ್ತು. ಝುಲೇಖಾ ಇಫ್ತಾರಿಗೆ ಕರೆದಿದ್ದರು. ಮೊಯ್ದಿನ್ ಕಳಿಸಿದ ಸಂಬಳದಿಂದ ಅಲ್ ಮುಂತಜಾದ ಮನೆಗೆ ಬಂದು ಒಂದು ತಿಂಗಳಾಗಿತ್ತು. ಶಾಹಿನಾಳ ಪುಸ್ತಕಗಳಿಗೆ ಒಂದು ಪುಟ್ಟ ಮೇಜು ಬಂದಿತ್ತು. ಟಿವಿಯಲ್ಲಿ ಅಮೆರಿಕದ ನಕ್ಷೆ, ಕೆಂಪು ನೀಲಿ ಬಣ್ಣ. ಓಹಿಯೋದ ಎಣಿಕೆಯ ಮೇಲೆ ಎಲ್ಲ ನಿಂತಿತ್ತು.

“ವಾಮನ್ ಅಂಕಲ್, ರೆಡ್ ಜಾಸ್ತಿ ಉಂಟಲ್ಲ” ಎಂದಳು ಶಾಹಿನಾ.

“ಕೆಂಪು ಅಂದ್ರೆ ಖಾಲಿ ಜಾಗ ಮಗಾ. ಜನ ಇರುದು ನೀಲಿಯಲ್ಲಿ. ಒಂದು ರಾಜ್ಯ ಬಾಕಿ ಉಂಟು, ನೋಡ್ತಾ ಇರು.”

ಮಸೀದಿಯಲ್ಲಿ ಬಾಂಗ್ ಆಯಿತು. ಝುಲೇಖಾ ಖರ್ಜೂರದ ತಟ್ಟೆ ನನ್ನ ಮುಂದೆ ಇಟ್ಟರು. ಅವರಿಗೆ ರಾಜ್ಯಗಳ ಲೆಕ್ಕ ಬೇಕಿರಲಿಲ್ಲ.

“ಅದು ಯಾವ ಬಣ್ಣ ಆದ್ರೂ ಆಗ್ಲಿ. ಇವರು ಫೆಬ್ರವರಿಗೆ ಬರ್ತಾರಲ್ಲ?”

“ಬರ್ತಾನೆ ಬರ್ತಾನೆ” ಎಂದೆ. ಖರ್ಜೂರ ಬಾಯಿಗೆ ಹಾಕಿಕೊಂಡೆ. ಡೇಲ್‌ನ ಅಮ್ಮ ಆ ಪಟ್ಟಣದಲ್ಲಿ ತನ್ನ ಓಟು ಹಾಕಿ ಮುಗಿಸಿದ್ದಳು. ನಾನು ಮನೆ ಮುಟ್ಟುವ ಹೊತ್ತಿಗೆ ಎದುರಾಳಿ ಸೋಲು ಒಪ್ಪಿಕೊಂಡಿದ್ದ.

ಆಮೇಲೆ ತುಂಬ ಯೋಚಿಸಿದ್ದೇನೆ. ಮತದಾರ ಗಿರಾಕಿಯಲ್ಲ, ಮಾಲು ಕೆಟ್ಟಿದೆ ಎಂದು ಅಂಗಡಿ ಬದಲಿಸುವುದಿಲ್ಲ. ಭಯದಲ್ಲಿರುವಾಗ ಗೊತ್ತಿರುವ ಅಂಗಡಿಗೇ ಹೋಗುತ್ತಾನೆ. ಇನ್ನೊಂದು, ಸರಕಾರ ಎನ್ನುವುದು ಅಧ್ಯಕ್ಷನಿಗಿಂತ ದೊಡ್ಡದು. ಸಹಿ ಮಾಡುವವನು ಬದಲಾದರೂ ಹಿಂದೆ ಕೊಟ್ಟ ಆರ್ಡರುಗಳು ಓಡುತ್ತಲೇ ಇರುತ್ತವೆ. ನಿಜ ಹೇಳಬೇಕೆಂದರೆ ಆ ಎದುರಾಳಿ ತಕ್ಷಣ ಸೈನ್ಯ ಕರೆಸುತ್ತೇನೆ ಎಂದು ಹೇಳಿರಲೇ ಇಲ್ಲ. ಅದನ್ನು ಅವನ ಬಾಯಿಗೆ ಹಾಕಿದ್ದು ನಾನು. ಅವರಿಬ್ಬರ ಮೂರು ಚುನಾವಣಾ ಚರ್ಚೆಗಳನ್ನು ಕೂತು ಕೇಳಿದ್ದೆ. ಸೈನಿಕರ ಬಗ್ಗೆ ಇಬ್ಬರೂ ಚೆನ್ನಾಗಿಯೇ ಮಾತಾಡಿದರು. ಆ ಸೈನಿಕರ ಆಲೂಗಡ್ಡೆ ಎಣಿಸುವವನೊಬ್ಬ ಉಳ್ಳಾಲದಿಂದ ಬಂದಿದ್ದಾನೆ, ಅವನ ಮಗಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಇದೆ ಎಂಬುದು ಆ ದೇಶದ ಯಾವ ಪಕ್ಷದ ಲೆಕ್ಕದಲ್ಲೂ ಇರಲಿಲ್ಲ. ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕಾದವನು ನಾನು.

ಜನವರಿಯಲ್ಲಿ ಮೊಯ್ದಿನ್ ಫೋನ್ ಮಾಡಿದ. ಮಾತು ಹೋಗಿ ಬರಲು ಹೊತ್ತು ಹಿಡಿಯುತ್ತಿತ್ತು.

“ಪಾಸ್‌ಪೋರ್ಟ್ ಅವರ ಕೈಯಲ್ಲಿ ಉಂಟು ವಾಮನಣ್ಣ. ವರ್ಷ ತುಂಬದೆ ಕೊಡುದಿಲ್ಲ ಅಂತಾರೆ. ಇಲ್ಲಿ ಕ್ಯಾಂಪ್ ಖಾಲಿ ಆಗುದು ಬಿಡಿ, ಹೊಸ ಗೋದಾಮು ಕಟ್ಟಿಸ್ತಿದ್ದಾರೆ. ನನ್ನನ್ನೇ ಅದರ ಇನ್‌ಚಾರ್ಜ್ ಮಾಡಿದ್ದಾರೆ.” ಅವನು ನಕ್ಕದ್ದು ಎರಡು ಕ್ಷಣ ಬಿಟ್ಟು ನನಗೆ ಕೇಳಿಸಿತು.

ಕುವೈತಿನ ಕಂಪೆನಿಗೆ ನಾನು ಫೋನ್ ಮಾಡಿ ಚೌಕಾಸಿ ಮಾಡಿದೆ, ಬೆದರಿಸಿದೆ, ಬೇಡಿದೆ. ಅಲ್ಲಿದ್ದವನು ಎಲ್ಲದಕ್ಕೂ “ಮಾಫಿ” ಎಂದ. ಇಲ್ಲ, ಆಗುವುದಿಲ್ಲ. ಮೊಯ್ದಿನ್ ಬರಲಿಲ್ಲ.

ಫೆಬ್ರವರಿಯಲ್ಲಿ ರಜೆ ಮುಗಿದು ವಾರ ಕಳೆದ ಮೇಲೆ ಅಬು ನಾದರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವನು ಇರಾಕಿನಲ್ಲಿದ್ದಾನೆಂದು ಲಾರಿ ಚಾಲಕನೊಬ್ಬನಿಂದ ಅವರಿಗೆ ಗೊತ್ತಾಗಿತ್ತು. ಮೇಜಿನ ಮೇಲೆ ಒಂದು ಅರಬ್ಬಿ ಕಾಗದ, ಮೊಯ್ದಿನ್ ಕೆಲಸ ಬಿಟ್ಟು ಹೋಗಿದ್ದಾನೆ, ಅವನ ವೀಸಾ ರದ್ದು ಮಾಡಿ ಎಂದು. ಪಕ್ಕದಲ್ಲಿ ನಾನು ಟೈಪ್ ಮಾಡಿದ ರಜೆ ಅರ್ಜಿ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಈ ಇಂಗ್ಲಿಷ್ ಮೊಯ್ದಿನ್‌ದಲ್ಲ. ಯಾರು ಹೇಳಿಕೊಟ್ಟರು ಅವನಿಗೆ?”

ನಾನು ಅರ್ಜಿಯ ಮೇಲಿನ ಸಹಿಯನ್ನು ನೋಡಿದೆ.

“ಕೇಳು. ಅವನೊಬ್ಬನೇ ತಾಯಿಯ ಹೆಸರಲ್ಲಿ ಸುಳ್ಳು ಹೇಳಿ ಹೋಗಿದ್ದರೆ ನಾನು ಮಾಲೀಕರಿಗೆ ಉತ್ತರ ಕೊಡಬೇಕು, ಈ ಕಾಗದ ನಾಳೆಯೇ ಹೋಗಬೇಕು. ಈ ಆಫೀಸಿನ ದೊಡ್ಡವನೊಬ್ಬ ಅವನನ್ನು ಕಳಿಸಿದ್ದರೆ ಅದು ಆಫೀಸಿನ ತಪ್ಪು. ಆಗ ನಾನು ಕಾಗದವನ್ನು ಡ್ರಾಯರಿನಲ್ಲಿ ಇಡುತ್ತೇನೆ. ಅವನ ಮಗಳು ಪರೀಕ್ಷೆ ಬರೆದು ಹೋಗಲಿ. ಆ ದೊಡ್ಡವನ ಕುರ್ಚಿ ಹೋಗಬಹುದು. ಕೆಲಸ ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ.”

“ಸರ್, ಒಂದು ತಿಂಗಳು ಸಮಯ ಕೊಡಿ, ವಿಚಾರಿಸಿ ಹೇಳುತ್ತೇನೆ.”

“ನಾಳೆ ಹತ್ತು ಗಂಟೆ. ಆಖಿರ್ ಕಲಾಮ್.”

ಆ ಮಾತು ಅವರ ಬಾಯಲ್ಲಿ ಬಂದದ್ದೇ ನನ್ನ ಒಳಗಿನ ವ್ಯಾಪಾರಿ ಎದ್ದು ಕುಳಿತ. ಮೊದಲನೆಯದು ಇದು. ಇವರಿಗೂ ಮಕ್ಕಳಿದ್ದಾರೆ, ಮೃದು ಮನಸ್ಸು, ಹುಡುಗಿಯ ಪರೀಕ್ಷೆ ಹಾಳು ಮಾಡುವವರಲ್ಲ. ಕುರ್ಚಿ ಕೊಡದೆಯೇ ಕಾಗದ ಡ್ರಾಯರಿಗೆ ಹೋಗುವ ಇನ್ನೊಂದು ರೇಟು ಇವರ ಜೇಬಿನಲ್ಲಿ ಇದ್ದೇ ಇದೆ. ಅರ್ಧ ಒಪ್ಪಿಕೊಳ್ಳೋಣ, ಅರ್ಜಿ ಟೈಪ್ ಮಾಡಿದ್ದು ನಾನು ನಿಜ, ಇರಾಕಿನ ವಿಷಯ ಗೊತ್ತಿರಲಿಲ್ಲ ಎನ್ನೋಣ ಎಂದು ರಾತ್ರಿ ಲೆಕ್ಕ ಹಾಕಿದೆ. ಮರುದಿನ ಎಂಟಕ್ಕೇ ಆಫೀಸಿನ ಕೆಳಗಿನ ಚಹಾ ಅಂಗಡಿಯಲ್ಲಿದ್ದೆ. ಹತ್ತಾಯಿತು. ಮೇಲೆ ಹೋಗಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಹೋದರೆ ಆತುರ ತೋರಿಸಿದ ಹಾಗೆ. ಹತ್ತೂವರೆ, ಹನ್ನೊಂದು. ಇನ್ನೊಂದು ಚಹಾ ಕುಡಿದೆ. ಹನ್ನೊಂದೂವರೆಗೆ ಮೇಲೆ ಹೋದೆ.

ಸರಕಾರಿ ಕಚೇರಿಗಳಿಗೆ ಕಾಗದ ಒಯ್ಯುವ ಕಂಪೆನಿಯ ಮನುಷ್ಯ ಹತ್ತು ಗಂಟೆ ಐದು ನಿಮಿಷಕ್ಕೆ ಹೊರಟಿದ್ದ. ಆ ಚಹಾ ಅಂಗಡಿಯ ಮುಂದಿನಿಂದಲೇ ಹೋಗಿದ್ದ, ನನಗೆ ಕೈ ಬೀಸಿ. ನಾನೂ ಬೀಸಿದ್ದೆ.

ಅಬು ನಾದರ್ ತಲೆ ಎತ್ತಲಿಲ್ಲ. “ಖಲಾಸ್, ವಾಮನ್. ಮೊಹರು ಬಿದ್ದ ಕಾಗದ ವಾಪಸ್ ಬರುವುದಿಲ್ಲ. ನಾನು ಅರ್ಧ ಗಂಟೆ ಮೊದಲೇ ಬಂದು ಕಾದಿದ್ದೆ. ನೀನು ರೇಟು ಇಳಿಯಲಿ ಎಂದು ಕಾದೆ.” ಅವರಿಗೆ ಎಲ್ಲ ಗೊತ್ತಿತ್ತು. ಆ ದಿನದಿಂದ ನಾನು ಕೆಲಸ ಬಿಡುವವರೆಗೆ ಅವರು ಅದನ್ನು ಯಾರೆದುರೂ ಎತ್ತಲಿಲ್ಲ. ಕುರ್ಚಿ ನನ್ನದೇ ಆಗಿ ಉಳಿಯಿತು.

ಝುಲೇಖಾ ಮತ್ತು ಶಾಹಿನಾ ಪರೀಕ್ಷೆಗೆ ಕೆಲವೇ ದಿನ ಇರುವಾಗ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಶಾಹಿನಾ ಪರೀಕ್ಷೆಯ ಪ್ರವೇಶಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದಿದ್ದಳು. ದೋಹಾದ ಕೇಂದ್ರಕ್ಕೆ ಕೊಟ್ಟ ಪತ್ರ, ಊರಿನಲ್ಲಿ ಅದು ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಾನು ಹುಟ್ಟಿದ ಊರನ್ನು ದಾರಿಯುದ್ದಕ್ಕೂ ಕಿಟಕಿಯಿಂದ ನೋಡಿದಳು. ಝುಲೇಖಾ, “ನೀವು ನಮಗಾಗಿ ತುಂಬ ಓಡಾಡಿದಿರಿ ವಾಮನಣ್ಣ” ಎಂದರು. ಹುಡುಗಿಗೆ ಒಂದು ವರ್ಷ ಹೋಯಿತು. ಮೊಯ್ದಿನ್ ಕರಾರು ಮುಗಿಸಿ ನೇರ ಊರಿಗೆ ಬಂದ. ಕತಾರಿನ ಬಾಗಿಲು ಮುಚ್ಚಿತ್ತು. ತೊಕ್ಕೊಟ್ಟಿನಲ್ಲಿ ಇನ್ನೊಬ್ಬರ ಸಗಟು ಅಂಗಡಿಯಲ್ಲಿ ಮತ್ತೆ ಸ್ಟೋರ್ ನೋಡಿಕೊಂಡ.

ಎರಡು ಸಾವಿರದ ಎಂಟರಲ್ಲಿ ಹೊಸಬ ಗೆದ್ದ ದಿನ ದೋಹಾದ ಚಹಾ ಅಂಗಡಿಯಲ್ಲಿ ಲಡ್ಡು ಹಂಚಿದರು. ಅವನ ಬಣ್ಣ ನಮ್ಮ ಬಣ್ಣ, ಇನ್ನು ಎಲ್ಲ ಸರಿಯಾಗುತ್ತದೆ ಎಂದರು. ಏನನ್ನಿಸುತ್ತದೆ ವಾಮನಣ್ಣ ಎಂದು ಕೇಳಿದವರಿಗೆ ನನಗೆ ಗೊತ್ತಿಲ್ಲ ಎಂದೆ. ಅಮೆರಿಕದ ಬಗ್ಗೆ ನಾನು ಆಡಿದ ಮಾತುಗಳಲ್ಲಿ ಪೂರ್ತಿ ಸರಿಯಾದದ್ದು ಅದೊಂದೇ. ಆ ಮಧ್ಯಾಹ್ನ ಊರಿನಿಂದ ಮೊಯ್ದಿನ್ ಫೋನ್ ಮಾಡಿದ.

“ನಿಮ್ಮವ ಗೆದ್ದ ವಾಮನಣ್ಣ. ನೀವು ಹೇಳಿದ್ದು ಸರಿಯೇ, ನಾಲ್ಕು ವರ್ಷ ಲೇಟ್ ಅಷ್ಟೆ. ಡೆಲಿವರಿ ತಡ ಆಯ್ತು.”

“ತಡ ಆಯ್ತು ಮಾರಾಯ” ಎಂದೆ. ಲೈನು ಸ್ಪಷ್ಟವಾಗಿತ್ತು. ನಿಜ ಹೇಳಬಹುದಿತ್ತು. ಊರಲ್ಲಿ ಮೀನು ಹೇಗಿದೆ ಎಂದು ಕೇಳಿದೆ.

“ಮೀನು ಉಂಟು. ನಿಲ್ಲಿ, ಮಗಳು ಮಾತಾಡ್ತಾಳಂತೆ.”

ಶಾಹಿನಾ ಆಗ ಕಾಲೇಜಿನಲ್ಲಿದ್ದಳು. ದೋಹಾದಲ್ಲಿ ಅರ್ಧಂಬರ್ಧ ಇದ್ದ ಅವಳ ಕನ್ನಡ ಈಗ ಊರಿನವರ ಹಾಗೆಯೇ ಆಗಿತ್ತು.

“ಅಂಕಲ್, ಆ ಅಬು ನಾದರ್ ಇದ್ದಾರಾ ಈಗ್ಲೂ?”

“ಇದ್ದಾರೆ ಮಗಾ.”

“ಒಂದೇ ಒಂದು ತಿಂಗಳು ಬಿಡ್ಬಹುದಿತ್ತಲ್ಲ ಅವರಿಗೆ. ಅಪ್ಪ ಅವರ ಮೇಲೆ ಸಿಟ್ಟು ಮಾಡುದಿಲ್ಲ, ಮೇಲಿನವರ ಒತ್ತಡ ಇದ್ದೀತು ಅಂತಾರೆ. ನನಗೆ ಮಾತ್ರ ಆಗುದಿಲ್ಲ. ಅವರನ್ನು ನಾನು ಇನ್ನೂ ಕ್ಷಮಿಸ್ಲಿಲ್ಲ.”

ನಾನು ಆ ಹುಡುಗಿಗೆ, ಅವರು ಒಳ್ಳೆಯವರು ಮಗಾ ಎಂದಷ್ಟೇ ಹೇಳಿದೆ. ಫೋನ್ ಇಟ್ಟೆ. ಗಾಜಿನ ಆಚೆ ಅಬು ನಾದರ್ ಕನ್ನಡಕ ಹಣೆಗೇರಿಸಿ ನನ್ನ ಆರ್ಡರುಗಳಿಗೆ ಸಹಿ ಹಾಕುತ್ತಿದ್ದರು. ಈಗ ಅವರಿಲ್ಲ, ಅಮ್ಮಾನಿನಲ್ಲಿ ತೀರಿಕೊಂಡರೆಂದು ಕೇಳಿದೆ.

ಪರ್ಚೇಸಿಗೆ ಹೊರಟವರೇ, ಎದುರಿನವನು ಕಡೆಯ ಮಾತು ಎಂದಾಗ ಅದು ನಿಜಕ್ಕೂ ಕಡೆಯ ಮಾತಾಗಿರಬಹುದು. ಅಧ್ಯಕ್ಷನದ್ದಾಗಲಿ ಮ್ಯಾನೇಜರನದ್ದಾಗಲಿ. ನಿಮಗೆ ನನ್ನ ಸಲಹೆ ಇಷ್ಟೆ. ಉಳಿದದ್ದು ನಿಮಗಲ್ಲ.

ಶಾಹಿನಾ, ಅವರು ಬಿಡಲು ಕಾದಿದ್ದರು ಮಗಾ. ಕುರ್ಚಿ ಬಿಡದವನು ನಾನು.